ಹೆಸರಿಗಿಂತ ಮೊದಲು ಅಂಕಪಟ್ಟಿ: ವಶೀಲಿಗೆ ಜಾಗ ಕೊಡದೆ ಕೆಲಸಕ್ಕೆ ಆರಿಸುವುದು, ಬಹುಮಾನ ಹಂಚುವುದು ಹೇಗೆ

ದಾವಣಗೆರೆ ಎಪಿಎಂಸಿ ಯಾರ್ಡಿನ ಯಾವುದಾದರೂ ದಲಾಲಿ ಅಂಗಡಿಯಲ್ಲಿ ಗುಮಾಸ್ತ ಕೆಲಸ ಬಿಟ್ಟ ಎಂದರೆ ಸಂಜೆಯೊಳಗೆ ಮಾಲೀಕರಿಗೆ ನಾಲ್ಕೈದು ಫೋನು ಬಂದಿರುತ್ತವೆ. "ನಮ್ ಹುಡ್ಗ ಒಬ್ಬ ಅದಾನೆ, ಬಿಕಾಂ ಮಾಡ್ಯಾನೆ, ಸ್ವಲ್ಪ ನೋಡ್ರಿ." ಫೋನು ಮಾಡುವವರು ಕೆಟ್ಟವರೇನಲ್ಲ. ಬೀಗರು, ಓಣಿಯವರು, ಸಂಘದವರು, ಖಾಯಂ ಗಿರಾಕಿಗಳು. ಅವರು ಹೇಳುವ ಹುಡುಗ ಒಳ್ಳೆಯವನೇ ಇರಬಹುದು. ತೊಂದರೆ ಇರುವುದು ಬೇರೆ ಕಡೆ. ಆ ಕೆಲಸಕ್ಕೆ ಏನು ಬೇಕು ಎಂದು ಯಾರೂ ಇನ್ನೂ ಬರೆದಿಟ್ಟಿಲ್ಲ, ಅಷ್ಟರಲ್ಲೇ ಹೆಸರು ಕಿವಿಗೆ ಬಿದ್ದಿದೆ. ಮೊದಲು ಕೇಳಿದ ಹೆಸರಿಗೆ ಹೊಂದುವ ಹಾಗೆ ಅರ್ಹತೆ ಆಮೇಲೆ ರೂಪುಗೊಳ್ಳುತ್ತದೆ. ಅವನಿಗೆ ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ತಂತ್ರಾಂಶ) ಬಂದರೆ ಟ್ಯಾಲಿಯೇ ಮುಖ್ಯವಾಗುತ್ತದೆ, ಬಾರದಿದ್ದರೆ "ಕಲಿಸಿದರಾಯ್ತು, ಹುಡುಗ ನಂಬಿಗಸ್ತ" ಎಂಬ ಮಾತು ಬರುತ್ತದೆ.

ಹಾಗಾಗಿ ಇಡೀ ವಿಧಾನ ನಿಂತಿರುವುದು ಒಂದೇ ನಿಯಮದ ಮೇಲೆ: ಯಾರ ಹೆಸರೂ ಎದುರಿಗೆ ಬರುವ ಮೊದಲು ಅಳತೆ ಬರೆದು ಸಹಿ ಮಾಡಿರಬೇಕು. ಕೆಳಗಿನ ಹಂತಗಳೆಲ್ಲ ಆ ನಿಯಮ ಕೈತಪ್ಪದಂತೆ ಕಾಯುವ ಏರ್ಪಾಡು. ಮಂಡಿ ಅಂಗಡಿ, ಅಕ್ಕಿ ಗಿರಣಿ, ಚಳ್ಳಕೆರೆಯ ಎಣ್ಣೆ ಮಿಲ್ಲು, ಖಾಸಗಿ ಶಾಲೆ, ಪತ್ತಿನ ಸಹಕಾರಿ, ಹೋಟೆಲು, ಹೀಗೆ ಐದರಿಂದ ಐವತ್ತು ಜನ ದುಡಿಯುವ ಯಾವ ಜಾಗಕ್ಕೂ ಇದು ಹೊಂದುತ್ತದೆ. ಸಹಕಾರ ಸಂಘಗಳಿಗೂ ಅನುದಾನಿತ ಶಾಲೆಗಳಿಗೂ ತಮ್ಮದೇ ನೇಮಕಾತಿ ನಿಯಮಗಳಿರುತ್ತವೆ, ಅವನ್ನು ಪಾಲಿಸಿಯೇ ಇದನ್ನು ಬಳಸಬೇಕು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮೀಸಲಾತಿಯನ್ನೂ ವಶೀಲಿಯನ್ನೂ ಒಂದೇ ತಕ್ಕಡಿಗೆ ಹಾಕುವವರಿದ್ದಾರೆ. ಅದು ತಪ್ಪು. ಮೀಸಲಾತಿ ಮೊದಲೇ ಪ್ರಕಟವಾದ ನಿಯಮ, ಅದಕ್ಕೆ ಸಂವಿಧಾನದ 16(4)ನೇ ವಿಧಿಯ ಆಧಾರವಿದೆ. ಮೈಸೂರು ಸಂಸ್ಥಾನ 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ಆ ನಿಯಮ ಒಂದು ವರ್ಗದ ಎಲ್ಲರಿಗೂ ಸಮನಾಗಿ ಅನ್ವಯಿಸುತ್ತದೆ, ವರ್ಗದೊಳಗೂ ಅಂಕದ ಮೇಲೆಯೇ ಆಯ್ಕೆ. ವಶೀಲಿ ಒಬ್ಬ ವ್ಯಕ್ತಿಗೆ, ಯಾರಿಗೂ ಹೇಳದೆ, ಇದ್ದ ನಿಯಮವನ್ನೇ ಮುರಿದು ಕೊಡುವ ಜಾಗ.

ಹಂತ 1: ಕೆಲಸವನ್ನು ಅರ್ಧ ಪುಟದಲ್ಲಿ ಬರೆಯಿರಿ

"ಲೆಕ್ಕ ಗೊತ್ತಿರುವ, ಚುರುಕಾದ ಹುಡುಗ ಬೇಕು" ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಕೆಲಸಕ್ಕೆ ಸೇರಿದವರು ಮೊದಲ ಮೂರು ತಿಂಗಳಲ್ಲಿ ಕೈಯಾರೆ ಏನೇನು ಮಾಡಬೇಕು ಎಂದು ಬರೆಯಿರಿ. ಮಂಡಿ ಗುಮಾಸ್ತರಾದರೆ: ತೂಕದ ಚೀಟಿ ನೋಡಿ ರೈತರ ಪಟ್ಟಿ (ಬಿಲ್ಲು) ಬರೆಯುವುದು, ದಿನದ ಕೊನೆಗೆ ನಗದು ತಾಳೆ ಹಾಕುವುದು, ಖರೀದಿದಾರರ ಬಾಕಿ ಪುಸ್ತಕ ನೋಡಿಕೊಳ್ಳುವುದು, ಕಂಪ್ಯೂಟರಿಗೆ ಏರಿಸುವುದು, ಸುಗ್ಗಿ ಕಾಲದಲ್ಲಿ ಬೆಳಿಗ್ಗೆ ಬೇಗ ಬರುವುದು.

ಆಮೇಲೆ ಪ್ರತಿ ಸಾಲಿನ ಮುಂದೆ ಎರಡರಲ್ಲೊಂದು ಗುರುತು ಹಾಕಿ: "ಬರುವಾಗಲೇ ಗೊತ್ತಿರಬೇಕು" ಅಥವಾ "ಒಂದು ತಿಂಗಳಲ್ಲಿ ಕಲಿಸಬಹುದು". ಅಳೆಯಬೇಕಾದ್ದು ಮೊದಲನೆಯದನ್ನು ಮಾತ್ರ. ಕಂಪ್ಯೂಟರಿಗೆ ಏರಿಸುವುದನ್ನು ಹದಿನೈದು ದಿನದಲ್ಲಿ ಕಲಿಸಬಹುದು. ಅಂಕಿ ತಿರುವುಮುರುವಾದಾಗ ಗುರುತಿಸುವ ಕಣ್ಣನ್ನು ಕಲಿಸುವುದು ಕಷ್ಟ.

ಪ್ರತಿ ಷರತ್ತಿಗೂ ಒಂದು ಪ್ರಶ್ನೆ ಹಾಕಿ: ಇದಿಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ? ಉತ್ತರ ಇಲ್ಲದಿದ್ದರೆ ಆ ಷರತ್ತು ಹೊಡೆದುಹಾಕಿ. "ಸ್ಥಳೀಯರಾಗಿರಬೇಕು", "ಮದುವೆಯಾಗಿರಬೇಕು", "ಇಂಗ್ಲಿಷ್ ಚೆನ್ನಾಗಿ ಮಾತಾಡಬೇಕು" ಎಂಬವು ಹೆಚ್ಚಾಗಿ ಇಲ್ಲೇ ಬಿದ್ದುಹೋಗುತ್ತವೆ. ಮೊಳಕಾಲ್ಮುರು, ಹೊಸದುರ್ಗ, ಜಗಳೂರು ಕಡೆಯ ಸರ್ಕಾರಿ ಶಾಲೆಯಲ್ಲಿ ಓದಿ ಬಂದ ಹುಡುಗಿ ಇಂಗ್ಲಿಷಿನಲ್ಲಿ ತಡವರಿಸಬಹುದು, ಲೆಕ್ಕದಲ್ಲಿ ಅಲ್ಲ. ಕನ್ನಡದಲ್ಲೇ ನಡೆಯುವ ಕೆಲಸಕ್ಕೆ ಇಂಗ್ಲಿಷ್ ಮಾತು ಅಳೆದರೆ ನೀವು ಅಳೆಯುತ್ತಿರುವುದು ತಂದೆ ಕಟ್ಟಿದ ಫೀಸನ್ನು. ಅನುಭವದ ವರ್ಷಗಳಿಗೂ ನೇರ ಅಂಕ ಬೇಡ. ಹತ್ತು ವರ್ಷ ತಪ್ಪು ಲೆಕ್ಕ ಬರೆದವರಿಗೂ ಹತ್ತು ವರ್ಷದ ಅನುಭವವಿರುತ್ತದೆ. ಅನುಭವದಿಂದ ಬಂದ ಕೌಶಲ ಪರೀಕ್ಷೆಯಲ್ಲಿ ತಾನಾಗಿ ಕಾಣುತ್ತದೆ.

ಹಂತ 2: ನೂರು ಅಂಕ ಹಂಚಿ, ಸಹಿ ಹಾಕಿ, ಮತ್ತೆ ಮುಟ್ಟಬೇಡಿ

ಸಣ್ಣ ಸಂಸ್ಥೆಗೆ ಹೊಂದುವ ಹಂಚಿಕೆ: ಕೆಲಸ ಮಾಡಿ ತೋರಿಸುವ ಪರೀಕ್ಷೆಗೆ 60, ಬರಹದ ಪರೀಕ್ಷೆಗೆ 25, ಸಂದರ್ಶನಕ್ಕೆ 15. ಹಿಂದಿನ ಮಾಲೀಕರಲ್ಲಿ ವಿಚಾರಿಸುವುದಕ್ಕೆ ಅಂಕ ಕೊಡಬೇಡಿ, "ಸರಿ ಇದೆ" ಅಥವಾ "ಸರಿ ಇಲ್ಲ" ಎಂಬ ಎರಡೇ ಉತ್ತರವಿರಲಿ.

ಸಂದರ್ಶನಕ್ಕೆ 15 ಮಾತ್ರ ಯಾಕೆ? ವಶೀಲಿ ನುಸುಳುವ ಬಾಗಿಲು ಅದೇ ಆದ್ದರಿಂದ. 1981ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಕಾಲೇಜು ಪ್ರವೇಶಕ್ಕೆ ಒಟ್ಟು ಅಂಕದ ಮೂರನೇ ಒಂದು ಭಾಗವನ್ನು ಮೌಖಿಕ ಸಂದರ್ಶನಕ್ಕೆ ಇಟ್ಟಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಶೇ. 15ಕ್ಕಿಂತ ಹೆಚ್ಚಿಡುವುದು ಮನಸೋಇಚ್ಛೆ ನಡೆದಂತೆ ಎಂದಿತು. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಖಾಸಗಿ ಅಂಗಡಿಗೆ ಇವು ಕಟ್ಟಳೆಯಲ್ಲ, ಆದರೆ ಒಳ್ಳೆಯ ಅಳತೆಗೋಲು.

ಪ್ರತಿ ಭಾಗಕ್ಕೂ ಕನಿಷ್ಠ ಅಂಕ ನಿಗದಿ ಮಾಡಿ, ಉದಾಹರಣೆಗೆ 60ಕ್ಕೆ 36. ಸರಿಸಮ ಅಂಕ ಬಂದರೆ ಏನು ಎಂಬುದನ್ನೂ ಈಗಲೇ ಬರೆಯಿರಿ: ಮೊದಲು ಕೆಲಸದ ಪರೀಕ್ಷೆಯಲ್ಲಿ ಹೆಚ್ಚು ಪಡೆದವರು, ಅದೂ ಸಮವಾದರೆ ಎಲ್ಲರೆದುರು ಚೀಟಿ ಎತ್ತುವುದು. ಸರಿಸಮ ಬಂದ ಮೇಲೆ ನಿಯಮ ಹುಡುಕಲು ಕೂತರೆ ಅಲ್ಲಿ ಮತ್ತೆ "ನಮ್ಮವರು" ಬಂದು ಕೂರುತ್ತಾರೆ.

ಹಾಳೆಗೆ ದಿನಾಂಕ ಹಾಕಿ ಎಲ್ಲ ಪಾಲುದಾರರು ಅಥವಾ ನಿರ್ದೇಶಕರು ಸಹಿ ಮಾಡಲಿ. ಫೋಟೋ ತೆಗೆದು ನಿಮ್ಮ ವಾಟ್ಸ್ಯಾಪ್ ಗುಂಪಿಗೆ ಹಾಕಿದರೆ ದಿನ, ಹೊತ್ತು ಎರಡೂ ದಾಖಲಾಗುತ್ತವೆ. ಇದಾದ ಮೇಲೆ ಅಂಕ ಹಂಚಿಕೆ ಬದಲಿಸುವಂತಿಲ್ಲ. ಬದಲಿಸಲೇಬೇಕಾದರೆ ಅರ್ಜಿ ಕರೆಯುವುದರಿಂದ ಮತ್ತೆ ಶುರು ಮಾಡಿ.

ಹಂತ 3: ಎಲ್ಲರಿಗೂ ಗೊತ್ತಾಗಲಿ

ಮೂರು ಜಾಗ ಸಾಕು: ಅಂಗಡಿ ಮುಂದಿನ ಫಲಕ, ಒಂದು ಸ್ಥಳೀಯ ಪತ್ರಿಕೆ, ಹತ್ತಿರದ ಐಟಿಐ ಅಥವಾ ಪದವಿ ಕಾಲೇಜಿನ ಸೂಚನಾ ಫಲಕ. ಕನಿಷ್ಠ ಹತ್ತು ದಿನ ಸಮಯ ಕೊಡಿ. ಸಂಬಳ ಬರೆಯಿರಿ, ಅಂಕದ ಹಂಚಿಕೆಯನ್ನೂ ಬರೆಯಿರಿ. "ಸಂಬಳ ಮಾತಾಡಿ ಕೊಡಲಾಗುವುದು" ಎಂದರೆ ಒಂದೇ ಕೆಲಸಕ್ಕೆ ಬಾಯಿ ಇದ್ದವರಿಗೆ 18,000, ಸಂಕೋಚದವರಿಗೆ 13,000 ಎಂದಾಗುತ್ತದೆ, ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ ಎರಡನೆಯದು ಬರುತ್ತದೆ. ಒಂದೇ ಕೆಲಸಕ್ಕೆ ಗಂಡು, ಹೆಣ್ಣು ಎಂದು ಬೇರೆ ಕೂಲಿ ಕೊಡಬಾರದು ಎಂಬುದು 1976ರಿಂದ ಕಾನೂನೇ ಆಗಿದೆ.

ಹಂತ 4: ಅರ್ಜಿಗೆ ನಂಬರ್, ಶಿಫಾರಸಿಗೆ ಪುಸ್ತಕ

ಅರ್ಜಿ ತೆಗೆದುಕೊಳ್ಳುವವರು ಒಬ್ಬರು, ಅಂಕ ಹಾಕುವವರು ಬೇರೆಯವರು. ಬಂದ ಅರ್ಜಿಗೆಲ್ಲ ಒಂದೊಂದು ನಂಬರ್ ಕೊಟ್ಟು, ಉತ್ತರ ಪತ್ರಿಕೆಯಲ್ಲಿ ನಂಬರ್ ಮಾತ್ರ ಬರೆಸಿ. ನಮ್ಮ ಕಡೆ ಹೆಸರು, ಅಡ್ಡಹೆಸರು, ಊರು ಮೂರನ್ನು ಕೇಳಿದರೆ ಜಾತಿ, ಮನೆತನ, ಯಾರ ಕಡೆಯವರು ಎಂಬುದೆಲ್ಲ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಎಷ್ಟು ಪ್ರಾಮಾಣಿಕರಾದರೂ ಪೆನ್ನು ಸ್ವಲ್ಪ ವಾಲುತ್ತದೆ.

ಅಂಕ ಹಾಕುವವರು ಅರ್ಜಿದಾರರ ಪಟ್ಟಿ ನೋಡಿ ಒಂದು ಸಾಲು ಬರೆದುಕೊಡಬೇಕು: ಇವರಲ್ಲಿ ನನ್ನ ನೆಂಟರಿಲ್ಲ, ನನಗೆ ಸಾಲ ಕೊಡಬೇಕಾದವರಿಲ್ಲ, ನಾನು ಸಾಲ ಪಡೆದವರ ಮಕ್ಕಳಿಲ್ಲ. ಇದ್ದರೆ ಆ ಒಬ್ಬರನ್ನು ಬಿಟ್ಟು ಉಳಿದವರಿಗೆ ಅಂಕ ಹಾಕುತ್ತೇನೆ ಎನ್ನುವುದಲ್ಲ, ಆ ಸುತ್ತಿನಿಂದ ಪೂರ್ತಿ ಹೊರಗಿರಬೇಕು. ತಮ್ಮವರಿಗೆ ಅಂಕ ಹಾಕದೆ ಕೂತು, ಪೈಪೋಟಿಯವರಿಗೆ ಕಡಿಮೆ ಹಾಕಿದರೂ ಫಲ ಒಂದೇ.

ಶಿಫಾರಸು ಬರುವುದನ್ನು ತಡೆಯಲಾಗದು, ತಡೆಯಲು ಹೋದರೆ ನಂಟು ಕೆಡುತ್ತದೆ. ಅದಕ್ಕೊಂದು ಸಿದ್ಧ ಉತ್ತರ ಇಟ್ಟುಕೊಳ್ಳಿ: "ಆಯ್ತು ಕಾಕಾ, ಅರ್ಜಿ ಹಾಕಾಕ ಹೇಳ್ರಿ. ಭಾನುವಾರ ಪರೀಕ್ಷೆ ಐತಿ, ಎಲ್ಲರ ಜೊತಿ ಕೂತು ಬರೀಲಿ." ಫೋನು ಇಟ್ಟ ತಕ್ಷಣ ಯಾರು, ಯಾರ ಪರವಾಗಿ, ಯಾವಾಗ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಶಿಫಾರಸು ಮಾಡಿದವರ ಹೆಸರು ಪುಸ್ತಕಕ್ಕೆ ಹೋಗುತ್ತದೆ ಎಂಬುದು ಊರಿಗೆ ಗೊತ್ತಾದರೆ ಕರೆಗಳು ತಾವಾಗಿ ಕಡಿಮೆಯಾಗುತ್ತವೆ. ಶಿಫಾರಸು ಬಂತೆಂದು ಅಂಕ ಕಳೆಯುವುದೂ ತಪ್ಪು, ಮಾವ ಫೋನು ಮಾಡಿದ್ದು ಹುಡುಗನ ತಪ್ಪಲ್ಲ.

ಹಂತ 5: ಕೆಲಸ ಮಾಡಿಸಿ ನೋಡಿ

ಆಯ್ಕೆಯ ಜೀವ ಇರುವುದು ಇಲ್ಲೇ. ಸುಮ್ಮನೆ ಕೂತು ಮಾತಾಡಿ ಅಂದಾಜು ಮಾಡುವುದಕ್ಕಿಂತ, ಮುಂದೆ ಮಾಡಬೇಕಾದ ಕೆಲಸದ ತುಣುಕನ್ನೇ ಮಾಡಿಸಿ ನೋಡುವುದು ಹೆಚ್ಚು ನಂಬಿಕೆಗೆ ಅರ್ಹ ಎಂಬುದು ಎಷ್ಟೋ ದಶಕಗಳ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ.

ಮಂಡಿ ಗುಮಾಸ್ತರ ಪರೀಕ್ಷೆ ಹೀಗಿರಲಿ. ಎಲ್ಲರಿಗೂ ಒಂದೇ ಬಗೆಯ ಆರು ತೂಕದ ಚೀಟಿ, 40 ನಿಮಿಷ, ಒಂದು ಕ್ಯಾಲ್ಕುಲೇಟರ್. ಒಂದು ಚೀಟಿ: ಮೆಕ್ಕೆಜೋಳ 42 ಚೀಲ, ಒಟ್ಟು ತೂಕ 2,163 ಕೆಜಿ, ಖಾಲಿ ಚೀಲ ಒಂದಕ್ಕೆ 600 ಗ್ರಾಂ, ದರ ಕ್ವಿಂಟಲ್‌ಗೆ ₹2,200, ಹಮಾಲಿ ಚೀಲಕ್ಕೆ ₹8 (ದರಗಳು ಪರೀಕ್ಷೆಗಾಗಿ ಮಾತ್ರ). ಚೀಲದ ತೂಕ 25.2 ಕೆಜಿ ಕಳೆದರೆ ನಿವ್ವಳ 2,137.8 ಕೆಜಿ. ಮೊತ್ತ ₹47,031.60. ಹಮಾಲಿ ₹336 ಕಳೆದು ಕೈಗೆ ಸೇರುವುದು ₹46,695.60.

ಪ್ರತಿ ಚೀಟಿಗೆ 8 ಅಂಕ: ನಿವ್ವಳ ತೂಕ, ಮೊತ್ತ, ಕಡಿತ, ಕೊನೆಯ ಹಣ, ಒಂದೊಂದಕ್ಕೆ 2. ಮೊದಲ ಹೆಜ್ಜೆ ತಪ್ಪಿ ಮುಂದಿನ ವಿಧಾನ ಸರಿಯಿದ್ದರೆ ಆ 2 ಮಾತ್ರ ಹೋಗಬೇಕು, ಎಲ್ಲವೂ ಅಲ್ಲ. ಆರು ಚೀಟಿಗೆ 48. ಬರಹ ಬೇರೆಯವರು ಓದುವಂತಿದ್ದರೆ 6. ಉಳಿದ 6 ಅಂಕ ಒಂದು ಗೂಢ ತಪ್ಪಿಗೆ. ಐದನೇ ಚೀಟಿಯಲ್ಲಿ ಐದು ತೂಕ ಬರೆದಿರಲಿ: 412, 398, 405, 421, 387. ಕೂಡಿದರೆ 2,023. ಚೀಟಿಯ ಕೆಳಗೆ ಬೇಕೆಂದೇ 2,032 ಎಂದು ಬರೆದಿಡಿ. ಕೂಡಿ ನೋಡಿದವರು, ಅಥವಾ "ಇದು ತಾಳೆ ಆಗ್ತಾ ಇಲ್ಲ" ಎಂದು ಎದ್ದು ಕೇಳಿದವರು 6 ಅಂಕ ಪಡೆಯುತ್ತಾರೆ. 9 ಕೆಜಿ ಎಂದರೆ ₹198. ದಿನಕ್ಕೆ ಇಂಥ ಒಂದು ತಪ್ಪು ಜಾರಿಹೋದರೆ ರೈತನಿಗೋ ಅಂಗಡಿಗೋ ಪೆಟ್ಟು, ಅದಕ್ಕಿಂತ ಹೆಚ್ಚಾಗಿ ಮಾತು ಹೋಗುತ್ತದೆ. ಟ್ಯಾಲಿ ಸರ್ಟಿಫಿಕೇಟು ಇದನ್ನು ತೋರಿಸುವುದಿಲ್ಲ.

ಬೇರೆ ಕೆಲಸಗಳಿಗೂ ಹೀಗೇ. ಬೆಣ್ಣೆ ದೋಸೆ ಹೋಟೆಲಿಗೆ ಭಟ್ಟರು ಬೇಕಾದರೆ ಒಂದು ದೋಸೆ ಹುಯ್ಯಿಸಿ ನೋಡುವುದಲ್ಲ, ಬಿಡುವಿಲ್ಲದೆ ಹತ್ತು ಹುಯ್ಯಿಸಿ, ಒಂದನೆಯದನ್ನೂ ಹತ್ತನೆಯದನ್ನೂ ಪಕ್ಕದಲ್ಲಿಟ್ಟು ನೋಡಿ. ಕಾವಲಿ ಕಾವು ಹಿಡಿತದಲ್ಲಿದ್ದರೆ ಎರಡೂ ಒಂದೇ ಬಣ್ಣ ಬರುತ್ತವೆ. ಎಣ್ಣೆ ಮಿಲ್ಲಿನ ಆಪರೇಟರಿಗೆ, ಹಿಂಡಿ ದಪ್ಪ ಬರುವಂತೆ ಸಡಿಲಿಸಿದ ಯಂತ್ರ ಕೊಟ್ಟು ಸರಿಮಾಡಲು ಹೇಳಿ. ಹಿಂಡಿ ದಪ್ಪವಾಯಿತೆಂದರೆ ಒತ್ತಡ ಕಡಿಮೆ, ಎಣ್ಣೆ ಹಿಂಡಿಯಲ್ಲೇ ಉಳಿಯುತ್ತಿದೆ ಎಂಬುದು ಬಲ್ಲವರಿಗೆ ನೋಡಿದೊಡನೆ ತಿಳಿಯುತ್ತದೆ. ಶಿಕ್ಷಕರಿಗೆ ಒಂದೇ ಪಾಠ, 20 ನಿಮಿಷ, ನಿಜವಾದ ಮಕ್ಕಳು. ಪಾಠ ಮುಗಿದ ಮೇಲೆ ಮಕ್ಕಳಿಗೆ ಐದು ಪ್ರಶ್ನೆ ಕೇಳಿ, ಅಂಕ ಬರುವುದು ಮಕ್ಕಳ ಉತ್ತರದಿಂದ.

ಇಲ್ಲಿ ಕೆಡುವುದು ಮೂರು ಕಡೆ. ಪ್ರಶ್ನೆಪತ್ರಿಕೆ ಮೊದಲೇ ಹೊರಬೀಳುವುದು: ಪರೀಕ್ಷೆಯ ಬೆಳಿಗ್ಗೆ ಅಂಕಿಗಳನ್ನು ತುಂಬಿ, ಅಲ್ಲೇ ನಕಲು ತೆಗೆಯಿರಿ. ಒಬ್ಬರಿಗೆ ಸುಲಭ, ಒಬ್ಬರಿಗೆ ಕಷ್ಟದ ಕೆಲಸ ಸಿಗುವುದು: ಎಲ್ಲರಿಗೂ ಅದೇ ಯಂತ್ರ, ಅದೇ ಹೊತ್ತು. ಮೂರನೆಯದು ಉತ್ತರ ಆಮೇಲೆ ತುಂಬುವುದು. ಕರ್ನಾಟಕದಲ್ಲಿ 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಓಎಂಆರ್ ಹಾಳೆಗಳನ್ನು ತಿದ್ದಿ ತುಂಬಿದ ಆರೋಪ ಎದ್ದು, 2022ರ ಏಪ್ರಿಲಿನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡಬೇಕಾಯಿತು. ಕಷ್ಟಪಟ್ಟು ಓದಿ ಪಾಸಾದವರೂ ಅದರಲ್ಲಿ ಬೆಂದುಹೋದರು. ನಿಮ್ಮಲ್ಲಿ ಹಾಗಾಗದಿರಲು, ಪತ್ರಿಕೆ ವಾಪಸು ಪಡೆಯುವಾಗ ಅರ್ಜಿದಾರರ ಎದುರಿಗೇ ಖಾಲಿ ಜಾಗಕ್ಕೆಲ್ಲ ಅಡ್ಡಗೆರೆ ಎಳೆದು, ಇಬ್ಬರೂ ಸಹಿ ಹಾಕಿ, ಫೋಟೋ ತೆಗೆಯಿರಿ.

ಪರೀಕ್ಷೆ ಅರ್ಧ ದಿನ ಮೀರಿದರೆ ಒಂದು ದಿನದ ಕೂಲಿ ಕೊಡಿ. "ಟ್ರಯಲ್" ಎಂದು ವಾರಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುವುದು ಆಯ್ಕೆಯಲ್ಲ, ಅನ್ಯಾಯ. ಅದಕ್ಕೆ ಒಪ್ಪುವವರು ಮನೆಯಲ್ಲಿ ಅನುಕೂಲ ಇರುವವರು ಮಾತ್ರ. ಬಡವರ ಮಕ್ಕಳು ಅಲ್ಲೇ ಬಿಟ್ಟುಹೋಗುತ್ತಾರೆ.

ಬರಹದ ಪರೀಕ್ಷೆಯ 25 ಅಂಕಕ್ಕೆ ಹತ್ತು ನಿಮಿಷದ ಓದು, ಒಂದು ಸಣ್ಣ ಪತ್ರ, ಶೇಕಡಾ ಲೆಕ್ಕ ಸಾಕು. ಅದನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮಾಡಬೇಡಿ.

ಹಂತ 6: ಸಂದರ್ಶನ, ಮೂವರು, ಮೂರು ಪ್ರಶ್ನೆ

ಮೂವರು ಕೂರಲಿ, ಒಬ್ಬರು ಹೊರಗಿನವರಾದರೆ ಒಳ್ಳೆಯದು. ಎಲ್ಲರಿಗೂ ಅದೇ ಮೂರು ಪ್ರಶ್ನೆ, ಅದೇ ಕ್ರಮ. "ಯಾವೂರು, ಅಪ್ಪ ಏನ್ ಮಾಡ್ತಾರೆ" ಎಂಬ ಪೀಠಿಕೆ ಬೇಡ. ಅದು ಕುಶಲ ವಿಚಾರಿಸಿದಂತೆ ಕೇಳಿದರೂ ಒಳಗೆ ಕೆಲಸ ಮಾಡುತ್ತದೆ.

ಪ್ರಶ್ನೆ ಹೀಗಿರಲಿ: ರೈತರೊಬ್ಬರು ಬಂದು "ನನ್ ತೂಕ 20 ಕೆಜಿ ಕಮ್ಮಿ ಬರ್ದೀರಿ" ಎಂದು ಗದ್ದಲ ಮಾಡುತ್ತಾರೆ, ಮಾಲೀಕರು ಇಲ್ಲ, ಏನು ಮಾಡುತ್ತೀರಿ? ಉತ್ತರಕ್ಕೆ ಎಷ್ಟು ಅಂಕ ಎಂಬುದನ್ನೂ ಮೊದಲೇ ಬರೆಯಿರಿ. ಅವರನ್ನು ಕೂರಿಸಿ, ಅವರೆದುರೇ ಚೀಟಿಯನ್ನು ತೂಕದ ಪುಸ್ತಕದ ಜೊತೆ ತಾಳೆ ನೋಡಿ, ತಪ್ಪಿದ್ದರೆ ತಿದ್ದಿ ಸಹಿ ಹಾಕುತ್ತೇನೆ ಎಂದರೆ 5. ಮಾಲೀಕರಿಗೆ ಫೋನು ಮಾಡಿ ಕಾಯುತ್ತೇನೆ ಎಂದರೆ 3. "ಸಾಹುಕಾರ್ರು ಬಂದ ಮೇಲೆ ಬಾ ಅಂತೀನಿ" ಎಂದರೆ 1. ಇಂಥ ಮೂರು ಪ್ರಶ್ನೆಗೆ 15.

ಒಬ್ಬರು ಹೊರಗೆ ಹೋದ ಕೂಡಲೇ, ಮೂವರೂ ಒಂದು ಮಾತೂ ಆಡದೆ ತಮ್ಮ ತಮ್ಮ ಹಾಳೆಯಲ್ಲಿ ಅಂಕ ಬರೆಯಬೇಕು. ಮೊದಲು ಮಾತಾಡಿದರೆ ಹಿರಿಯರು ಏನಂದರೋ ಅದೇ ಮೂವರ ಅಂಕವಾಗುತ್ತದೆ.

ಇನ್ನು ಯಾರೂ ಗಮನಿಸದ ಒಂದು ಸೂಕ್ಷ್ಮವಿದೆ. 85 ಅಂಕದ ಪರೀಕ್ಷೆಯಲ್ಲಿ ಎಲ್ಲರೂ 57ರಿಂದ 62ರ ನಡುವೆ ಇದ್ದಾರೆ ಎನ್ನಿ. ಆಗ 15 ಅಂಕದ ಸಂದರ್ಶನದಲ್ಲಿ ಒಬ್ಬರಿಗೆ 3, ಇನ್ನೊಬ್ಬರಿಗೆ 15 ಕೊಟ್ಟವರೇ ಆಯ್ಕೆಯನ್ನು ತೀರ್ಮಾನಿಸಿಬಿಡುತ್ತಾರೆ. ಯಾವ ಭಾಗದಲ್ಲಿ ಅಂಕಗಳ ಅಂತರ ಹೆಚ್ಚೋ ಆ ಭಾಗದ್ದೇ ಮೇಲುಗೈ, ಕಾಗದದ ಮೇಲೆ ಅದರ ಪಾಲು ಎಷ್ಟೇ ಇರಲಿ.

ನೋಡಿ: ನಂಬರ್ 4ಕ್ಕೆ ಪರೀಕ್ಷೆಯಲ್ಲಿ 62, ಸಂದರ್ಶನದಲ್ಲಿ ಮೂವರ ಅಂಕ 9, 9, 3. ನಂಬರ್ 7ಕ್ಕೆ ಪರೀಕ್ಷೆಯಲ್ಲಿ 60, ಸಂದರ್ಶನದಲ್ಲಿ 8, 7, 15. ಸರಾಸರಿ ತೆಗೆದರೆ 7 ಮತ್ತು 10, ಒಟ್ಟು 69 ಮತ್ತು 70. ನಂಬರ್ 7 ಗೆದ್ದರು. ಆದರೆ ಮೂವರಲ್ಲಿ ಇಬ್ಬರು ನಂಬರ್ 4 ಉತ್ತಮ ಎಂದಿದ್ದಾರೆ! ಒಬ್ಬರ 3 ಮತ್ತು 15 ಉಳಿದಿಬ್ಬರನ್ನೂ ಪರೀಕ್ಷೆಯನ್ನೂ ನುಂಗಿದೆ. ಇದಕ್ಕೆ ಮದ್ದು ಸರಳ: ಸರಾಸರಿ ಬೇಡ, ಮೂರರಲ್ಲಿ ನಡುವಿನ ಅಂಕ ಹಿಡಿಯಿರಿ. ಆಗ 9 ಮತ್ತು 8, ಒಟ್ಟು 71 ಮತ್ತು 68. ಜೊತೆಗೆ, ಒಬ್ಬರಿಗೆ ಮೂವರು ಕೊಟ್ಟ ಅಂಕಗಳಲ್ಲಿ 4ಕ್ಕಿಂತ ಹೆಚ್ಚು ಅಂತರವಿದ್ದರೆ, ಉಳಿದಿಬ್ಬರಿಂದ ದೂರದ ಅಂಕ ಕೊಟ್ಟವರು ಅಭ್ಯರ್ಥಿ ಹೇಳಿದ ಯಾವ ಮಾತಿಗೆ ಕೊಟ್ಟೆ ಎಂದು ಒಂದು ಸಾಲು ಬರೆಯಬೇಕೆಂದು ನಿಯಮ ಮಾಡಿ.

ಹಂತ 7: ಫಲಿತಾಂಶ

ಮೂರು ದಿನದೊಳಗೆ ನಂಬರ್ ಸಮೇತ ಅಂಕಪಟ್ಟಿ ಫಲಕಕ್ಕೆ ಹಾಕಿ, ಹೆಸರು ಬೇಡ. ಆಯ್ಕೆಯಾಗದವರಿಗೂ ಅವರ ಅಂಕ ತಿಳಿಸಿ, ಕೇಳಿದರೆ ಪತ್ರಿಕೆ ತೋರಿಸಿ. ಏಳು ದಿನ ತಕರಾರಿಗೆ ಅವಕಾಶವಿರಲಿ, ಅದನ್ನು ನೋಡುವವರು ಅಂಕ ಹಾಕಿದವರಾಗಿರಬಾರದು. ಎರಡನೇ, ಮೂರನೇ ಸ್ಥಾನದವರ ಪಟ್ಟಿ ಆರು ತಿಂಗಳು ಇಟ್ಟುಕೊಳ್ಳಿ. ಮೊದಲನೆಯವರು ಬಿಟ್ಟುಹೋದಾಗ ಫೋನು ಬರುವ ಮುನ್ನವೇ ಕರೆಯಬಹುದು. ನೇಮಕದ ಪತ್ರ ಬರಹದಲ್ಲಿ ಕೊಡಿ, ಪ್ರೊಬೇಷನ್ ಅವಧಿಯ ಅಳತೆ ಹಂತ 1ರ ಅದೇ ಅರ್ಧ ಪುಟ.

ಬಹುಮಾನ ಹಂಚುವುದು

ಸರಿಯಾಗಿ ಆರಿಸಿ, ಆಮೇಲೆ ಆಯುಧಪೂಜೆ ದಿನ ಮಾಲೀಕರ ಕಿವಿಗೆ ಹತ್ತಿರದವರಿಗೆ ದಪ್ಪ ಕವರು ಕೊಟ್ಟರೆ ಮಾಡಿದ್ದೆಲ್ಲ ನೀರಿಗೆ ಹಾಕಿದಂತೆ. ಒಳ್ಳೆ ಕೆಲಸಗಾರರು ಸಂಬಳ ಕಡಿಮೆ ಎಂದು ಸಹಿಸುತ್ತಾರೆ, ತನಗಿಂತ ಕಡಿಮೆ ದುಡಿದವರಿಗೆ ಹೆಚ್ಚು ಸಿಕ್ಕಿದ್ದನ್ನು ಸಹಿಸುವುದಿಲ್ಲ. ಕೆರೆಗಳನ್ನು ಕಟ್ಟಿಸಿದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ಚಿತ್ರದುರ್ಗ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಮಾಡಿದ್ದು ಎಷ್ಟು ಎಂದು ಅಳೆಯದೆ ಆ ಮಾತನ್ನು ನಡೆಸುವುದು ಆಗದು.

ಮೊದಲು, ಹಕ್ಕನ್ನೂ ಬಹುಮಾನವನ್ನೂ ಬೇರೆ ಮಾಡಿ. 20 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಕಾನೂನಿನ ಬೋನಸ್, ನಿಗದಿತ ಸಂಬಳ ಮಿತಿಯೊಳಗಿನವರಿಗೆ, ಕನಿಷ್ಠ ಶೇ. 8.33, ಗರಿಷ್ಠ ಶೇ. 20. ಅದು ಕೆಲಸಗಾರರ ಹಕ್ಕು. ಅದನ್ನೇ "ನಿನ್ನ ಕೆಲಸ ಮೆಚ್ಚಿ ಕೊಟ್ಟಿದ್ದು" ಎನ್ನುವಂತಿಲ್ಲ. ಬಹುಮಾನ ಅದರ ಮೇಲಿನದು.

ಬಹುಮಾನದ ಅಳತೆ ಯುಗಾದಿಗೋ ಏಪ್ರಿಲ್ 1ಕ್ಕೋ ಬರೆದು ಎಲ್ಲರಿಗೂ ಓದಿ ಹೇಳಿ. ಮೂರು ಅಥವಾ ನಾಲ್ಕು ಅಳತೆ ಸಾಕು, ಅದರಲ್ಲಿ ಒಂದಾದರೂ ಗುಣಮಟ್ಟದ್ದು ಇರಲೇಬೇಕು. ಎಣಿಕೆಯೊಂದನ್ನೇ ಅಳೆದರೆ ಏನಾಗುತ್ತದೆ ಎಂಬುದಕ್ಕೆ ಪತ್ತಿನ ಸಹಕಾರಿಗಳೇ ಸಾಕ್ಷಿ. ಪಿಗ್ಮಿ (ದಿನದಿನದ ಸಣ್ಣ ಉಳಿತಾಯ) ಸಂಗ್ರಹಿಸುವವರಿಗೆ ಹೊಸ ಖಾತೆಗೆ ಇಷ್ಟು ಎಂದರೆ ನೆಂಟರ ಹೆಸರಲ್ಲಿ ಖಾತೆ ತೆರೆದು ಎರಡು ತಿಂಗಳಿಗೆ ನಿಲ್ಲಿಸುತ್ತಾರೆ. ಸಾಲ ವಿತರಣೆಗೆ ಇಷ್ಟು ಎಂದರೆ ತೀರಿಸಲಾಗದವರಿಗೂ ಸಾಲ ಹೋಗುತ್ತದೆ. ಖಾತೆಯ ಬಹುಮಾನ ಆರು ತಿಂಗಳು ಬಿಡದೆ ಕಟ್ಟಿದ ಖಾತೆಗೆ ಮಾತ್ರ. ಸಾಲದ ಬಹುಮಾನ ಅರ್ಧ ಈಗ, ಅರ್ಧ ಹನ್ನೆರಡು ಕಂತು ತಪ್ಪದೆ ಬಂದ ಮೇಲೆ.

ಕೆಲಸಗಾರರ ಕೈಯಲ್ಲಿ ಇಲ್ಲದ್ದನ್ನು ಅಳೆಯಬೇಡಿ. ಮಂಡಿಪೇಟೆಯಲ್ಲಿ ಪಿಗ್ಮಿ ಸಂಗ್ರಹಿಸುವವರನ್ನು ನಿಟ್ಟುವಳ್ಳಿಯ ಮನೆಮನೆಗೆ ಹೋಗುವವರ ಜೊತೆ ಹೋಲಿಸಿದರೆ ಗೆಲ್ಲುವುದು ಪೇಟೆ, ಮನುಷ್ಯರಲ್ಲ. ಅವರವರ ಹೋದ ವರ್ಷದ ಸಂಗ್ರಹದ ಜೊತೆ ಹೋಲಿಸಿ.

ತಿಂಗಳ ಕೊನೆಗೆ ಪ್ರತಿಯೊಬ್ಬರ ಬಗ್ಗೆ ಎರಡು ಸಾಲು ಬರೆದಿಡಿ: ಏನು ಚೆನ್ನಾಗಿ ಆಯಿತು, ಏನು ತಪ್ಪಿತು, ದಿನಾಂಕ ಸಮೇತ. ಇದಿಲ್ಲದಿದ್ದರೆ ದಸರೆಯ ಹಿಂದಿನ ಹದಿನೈದು ದಿನ ಓಡಾಡಿದವರೇ ವರ್ಷವಿಡೀ ದುಡಿದವರಂತೆ ಕಾಣುತ್ತಾರೆ, ಮಾರ್ಚ್ ತಿಂಗಳ ಬಿರುಬಿಸಿಲಲ್ಲಿ ಲಾರಿ ಲೋಡು ಮಾಡಿಸಿದವರು ಮರೆತುಹೋಗುತ್ತಾರೆ.

ಹಂಚುವ ಲೆಕ್ಕ: ಎಂಟು ಜನ, ₹60,000 ಬಹುಮಾನ ಎನ್ನಿ. ಶೇ. 60, ಅಂದರೆ ₹36,000, ಎಲ್ಲರಿಗೂ ಸಮ, ತಲಾ ₹4,500. ಒಟ್ಟಾಗಿ ದುಡಿದದ್ದಕ್ಕೆ ಅದು. ಉಳಿದ ₹24,000 ಪಾಯಿಂಟಿನ ಮೇಲೆ. ಎಂಟು ಜನರ ಪಾಯಿಂಟು ಒಟ್ಟು 120 ಆದರೆ ಒಂದು ಪಾಯಿಂಟಿಗೆ ₹200. 21 ಪಾಯಿಂಟು ಪಡೆದವರಿಗೆ 4,500 ಮತ್ತು 4,200 ಸೇರಿ ₹8,700. ಪೂರ್ತಿ ಹಣ ಪಾಯಿಂಟಿಗೆ ಇಟ್ಟರೆ ಒಬ್ಬರಿಗೊಬ್ಬರು ಸಹಾಯ ಮಾಡುವುದೇ ನಿಲ್ಲುತ್ತದೆ. ಮಾಲೀಕರ ಮಗ, ಅಳಿಯ ಅಲ್ಲೇ ಕೆಲಸಕ್ಕಿದ್ದರೆ ಈ ಗಂಟಿನಲ್ಲಿ ಪಾಲು ಬೇಡ. ಕುಟುಂಬಕ್ಕೆ ಲಾಭ ಹೇಗೂ ಬರುತ್ತದೆ.

ಬಡ್ತಿ ಬೇರೆಯೇ ವಿಷಯ. ಅತಿ ಹೆಚ್ಚು ಮಾರುವವರು ಒಳ್ಳೆಯ ಮ್ಯಾನೇಜರ್ ಆಗುತ್ತಾರೆ ಎಂದೇನಿಲ್ಲ. ಬಯಸುವ ಇಬ್ಬರು ಮೂವರಿಗೆ ತಲಾ ಎರಡು ತಿಂಗಳು ಹಂಗಾಮಿಯಾಗಿ ಜವಾಬ್ದಾರಿ ಕೊಟ್ಟು, ಆ ಕೆಲಸವನ್ನೇ ಅಳೆಯಿರಿ. ಮಾರಾಟ ಬಲ್ಲವರಿಗೆ ಮಾರಾಟದಲ್ಲೇ ಸಂಬಳ ಏರುವ ದಾರಿಯೂ ಇರಲಿ.

ಹಣವಲ್ಲದ ಬಹುಮಾನಗಳನ್ನು ಮರೆಯಬೇಡಿ, ಪಕ್ಷಪಾತ ಹೆಚ್ಚು ಅಡಗಿರುವುದು ಅಲ್ಲೇ. ದುಗ್ಗಮ್ಮನ ಜಾತ್ರೆ ವಾರದಲ್ಲಿ ರಜೆ ಯಾರಿಗೆ, ಮುಂಗಡ ಕೇಳಿದ ದಿನವೇ ಯಾರಿಗೆ ಸಿಗುತ್ತದೆ, ರಾತ್ರಿ ಪಾಳಿ ಸದಾ ಯಾರ ಪಾಲಿಗೆ? ಮೂರು ಕಾಲಮಿನ ಒಂದು ರಿಜಿಸ್ಟರ್ ಇಟ್ಟು ವರ್ಷಕ್ಕೆರಡು ಸಲ ಕೂಡಿ ನೋಡಿ. ಜಾತ್ರೆ ರಜೆಗೆ ಸರದಿ ಮಾಡಿ: ಹೋದ ಸಲ ಸಿಕ್ಕವರು ಈ ಸಲ ಕೊನೆಗೆ.

ಸಂಘ, ಟ್ರಸ್ಟುಗಳ ಪ್ರತಿಭಾ ಪುರಸ್ಕಾರಕ್ಕೂ ಇದೇ ನಿಯಮ. "ಶೇ. 90ಕ್ಕೆ ಮೇಲ್ಪಟ್ಟು" ಎಂದು ಬರೆದರೆ ಎಸ್‌ಎಸ್‌ಎಲ್‌ಸಿಯ 625ಕ್ಕೆ ಅದು 562.5. 562 ಪಡೆದವರ ಮನೆಯವರು ಬಂದು ಕೂತಾಗ ಅಧ್ಯಕ್ಷರು ಪೇಚಿಗೆ ಸಿಗುತ್ತಾರೆ. "563 ಮತ್ತು ಹೆಚ್ಚು" ಎಂದೇ ಅಚ್ಚು ಹಾಕಿಸಿ. ಬಡತನಕ್ಕೆ ಸಹಾಯ ಮಾಡುವುದಿದ್ದರೆ ಅದಕ್ಕೆ ಬೇರೆ ನಿಧಿ, ಬೇರೆ ಅರ್ಜಿ, ಆದಾಯ ಪ್ರಮಾಣಪತ್ರ. ಎರಡನ್ನೂ ಕಲಸಿದರೆ ಎರಡರಲ್ಲೂ ವಶೀಲಿ ಹೊಕ್ಕುತ್ತದೆ.

ಉತ್ತರ ಪತ್ರಿಕೆ, ಅಂಕದ ಹಾಳೆ, ಶಿಫಾರಸು ಪುಸ್ತಕ ಎಲ್ಲವನ್ನೂ ಒಂದು ಫೈಲಿನಲ್ಲಿ ಕನಿಷ್ಠ ಒಂದು ವರ್ಷ ಇಡಿ. ಆಯ್ಕೆಯಾದವರು ಆರು ತಿಂಗಳು ದುಡಿದ ಮೇಲೆ ಆ ಫೈಲು ತೆಗೆದು, ಪರೀಕ್ಷೆಯ ಪ್ರತಿ ಭಾಗದ ಅಂಕವನ್ನು ಈಗಿನ ಕೆಲಸದ ಪಕ್ಕದಲ್ಲಿಟ್ಟು ನೋಡಿ. ಗೂಢ ತಪ್ಪು ಹಿಡಿದವರು ಈಗಲೂ ಲೆಕ್ಕದಲ್ಲಿ ಬಿಗಿಯಾಗಿದ್ದರೆ ಮುಂದಿನ ಸಲ ಅದಕ್ಕೆ 6ರ ಬದಲು 10 ಇಡಿ. ಅಂದವಾದ ಬರಹಕ್ಕೂ ಕೆಲಸಕ್ಕೂ ಸಂಬಂಧ ಕಾಣದಿದ್ದರೆ ಆ 6ನ್ನು 2ಕ್ಕೆ ಇಳಿಸಿ, ಹೊಸ ಹಾಳೆಗೆ ಮುಂದಿನ ಜಾಗ ಖಾಲಿಯಾಗುವ ಮೊದಲೇ ಸಹಿ ಹಾಕಿಸಿ.